ಇಂಧನದ ದಾರಿಗೆ ತೆತ್ತ ಹಣ

ವೇಗದ ಕಾರಿಗಾಗಿ ವೆಚ್ಚ ಮಾಡುವವರಲ್ಲಿ ಬಹುಮಂದಿ ಮೊದಲು ಕೊಳ್ಳುವುದು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಇಲ್ಲವೆ ಕೂಡಲೆ ಬಲ ಕೊಡುವ ವಸ್ತುಗಳನ್ನು: ಅಗಲವಾದ ಟೈರು, ಗರ್ಜಿಸುವ ಸೈಲೆನ್ಸರು, ಟರ್ಬೊ ಒತ್ತಡವನ್ನು ಏರಿಸುವ ಹೊಸ ಮ್ಯಾಪು, ಅಂದರೆ ಎಂಜಿನಿನ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ. ಟ್ಯಾಂಕಿನೊಳಗೆ ಮುಳುಗಿರುವ ಪಂಪಿಗೂ, ಎಂಜಿನಿನ ಮೇಲಣ ಇಂಜೆಕ್ಟರುಗಳಿಗೂ, ಇವೆರಡನ್ನೂ ಕೂಡಿಸುವ ಕೊಳವೆಗೂ ಮೊದಲಲ್ಲಿಯೇ ಹಣ ಮೀಸಲಿಡುವವರು ವಿರಳ. ಬಲಕ್ಕೆ ಹಣ ಕೊಡುವ ಮುನ್ನ ಆ ಬಲವನ್ನು ಪೋಷಿಸುವ ವ್ಯವಸ್ಥೆಗೆ ಕೊಡತಕ್ಕದ್ದು, ಅದಕ್ಕೂ ಮುನ್ನ ಅಳತೆಗೆ ಕೊಡತಕ್ಕದ್ದು ಎಂಬುದು ನನ್ನ ಅನುಭವದಿಂದ ದೃಢಪಟ್ಟ ಅಭಿಪ್ರಾಯ.

ನನ್ನಲ್ಲಿರುವುದು 2015ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಫಿಯಟ್ ಅಬಾರ್ತ್ ಪುಂಟೊ; 1,368 ಸಿಸಿಯ ಟಿ-ಜೆಟ್ ಟರ್ಬೊ ಎಂಜಿನು, 145 ಅಶ್ವಶಕ್ತಿ, 212 ನ್ಯೂಟನ್ ಮೀಟರ್ ಟಾರ್ಕು. ಇದರಲ್ಲಿ ಇಂಧನವು ನೇರವಾಗಿ ಸಿಲಿಂಡರಿನೊಳಕ್ಕೆ ಅಲ್ಲದೆ ಗಾಳಿ ಒಳಹೋಗುವ ದ್ವಾರದಲ್ಲಿ ಸಿಂಪಡಿಸಲ್ಪಡುವುದರಿಂದ, ನೇರ ಇಂಜೆಕ್ಷನ್ನಿನ ಕಾರುಗಳಲ್ಲಿ ಬೇಕಾಗುವ ದುಬಾರಿಯಾದ ಅಧಿಕ ಒತ್ತಡದ ಪಂಪಿನ ಗೊಡವೆ ಇಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಓಡಿಸುವುದಕ್ಕಾಗಿ ಇದನ್ನು 185 ಅಶ್ವಶಕ್ತಿಗೆ ಏರಿಸಬೇಕೆಂಬುದು ನನ್ನ ಸಂಕಲ್ಪವಾಗಿತ್ತು.

ಪೆಟ್ರೋಲು ಸಂಪೂರ್ಣವಾಗಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಆದರೆ ಟರ್ಬೊ ಎಂಜಿನು ಪೂರ್ಣ ಭಾರದಲ್ಲಿ ದುಡಿಯುವಾಗ, ಉಷ್ಣವನ್ನು ಹತೋಟಿಯಲ್ಲಿಡುವ ಸಲುವಾಗಿ, ಈ ಪ್ರಮಾಣವನ್ನು ಹನ್ನೆರಡರ ಆಸುಪಾಸಿಗೆ ಇಳಿಸಿ, ಅಂದರೆ ಹೆಚ್ಚು ಇಂಧನವನ್ನು ಬೆರೆಸಿ ಉರಿಸುವುದು ವಾಡಿಕೆ. ಟರ್ಬೊ ಒತ್ತಡವನ್ನು ಏರಿಸಿ ಗಾಳಿಯನ್ನು ಹೆಚ್ಚಿಸಿದವನು ಇಂಧನವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸದಿದ್ದರೆ ಮಿಶ್ರಣವು ತೆಳ್ಳಗಾಗಿ, ಸಿಲಿಂಡರಿನಲ್ಲಿ ಅಕಾಲ ಸ್ಫೋಟಗಳು ತಲೆದೋರಿ, ಕ್ಷಣಮಾತ್ರದಲ್ಲಿ ಪಿಸ್ಟನ್ನು ಕರಗುವುದುಂಟು. ಫಿಯಟ್ ಕಾರುಗಳ ಮಾರಾಟವೇ ನಮ್ಮ ದೇಶದಲ್ಲಿ ನಿಂತುಹೋಗಿರುವಾಗ ಅಂಥ ಎಂಜಿನನ್ನು ಮತ್ತೆ ಕಟ್ಟಿಸುವ ವೆಚ್ಚ ಎಷ್ಟಾದೀತೆಂಬುದನ್ನು ಯಾರಾದರೂ ಊಹಿಸಬಹುದು. ಇಂಧನವ್ಯವಸ್ಥೆಗೆ ಕೊಟ್ಟ ಹಣ ಒಂದು ಅಶ್ವಶಕ್ತಿಯನ್ನೂ ತಾನಾಗಿ ತಂದುಕೊಡುವುದಿಲ್ಲ. ಅದು ಉಳಿದೆಲ್ಲ ವೆಚ್ಚವನ್ನೂ ಕಾಯುವ ಹಣ.

ಆದುದರಿಂದ ನಾನು ಮೊದಲು ಕೊಂಡದ್ದು ಅಳತೆಯ ಸಾಧನಗಳನ್ನು: ಇಂಧನದ ಒತ್ತಡವನ್ನು ತೋರಿಸುವ ಗೇಜು, ಹೊಗೆಕೊಳವೆಯಲ್ಲಿ ಮಿಶ್ರಣದ ಪ್ರಮಾಣವನ್ನು ಓದುವ ವೈಡ್‌ಬ್ಯಾಂಡ್ ಸೆನ್ಸರು. ಇವೆರಡಕ್ಕೂ 22,000 ರೂಪಾಯಿ ಆಯಿತು. ಅವು ತಿಳಿಸಿದ ಸಂಗತಿಗಳು ಬೆಲೆಯುಳ್ಳವು; ಅವುಗಳ ಜಾಡು ಹಿಡಿದು ವಿದ್ಯುತ್ತನ್ನೂ ಅಳೆದೆ. ಬ್ಯಾಟರಿಯ ಬಳಿ 13.8 ವೋಲ್ಟ್ ಇದ್ದಾಗ ಪಂಪಿನ ಬಳಿ 12ಕ್ಕಿಂತ ಕಡಿಮೆ ಇತ್ತು. ವಿದ್ಯುತ್ತು ಕುಗ್ಗಿದರೆ ಪಂಪು ನಿಧಾನವಾಗಿ, ಅದು ತಳ್ಳುವ ಇಂಧನವೂ ಕುಗ್ಗುತ್ತದೆ. ದಪ್ಪ ತಂತಿಯನ್ನೂ ಒಂದು ರಿಲೇಯನ್ನೂ ಹಾಕಿಸಲು ತಗಲಿದ್ದು 2,500 ರೂಪಾಯಿ. ಇಷ್ಟು ಅಲ್ಪ ವೆಚ್ಚದಲ್ಲಿ ಇಷ್ಟು ಪ್ರಯೋಜನವನ್ನು ಕೊಟ್ಟ ಕೆಲಸ ಈ ಇಡೀ ಕಾರ್ಯದಲ್ಲಿ ಮತ್ತೊಂದಿಲ್ಲ.

ಎರಡನೆಯದು ಲೆಕ್ಕ. ಟರ್ಬೊ ಎಂಜಿನು ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲನ್ನು ಬೇಡುತ್ತದೆಂದು ಹಿಡಿಯುವುದು ರೂಢಿ. ನನ್ನ ಗುರಿಗಿಂತ ಸ್ವಲ್ಪ ಮೇಲೆ, 200 ಅಶ್ವಶಕ್ತಿಗೆ ಲೆಕ್ಕ ಹಾಕಿದರೆ ಗಂಟೆಗೆ 54 ಕಿಲೋಗ್ರಾಂ, ಅಂದರೆ ಸುಮಾರು 73 ಲೀಟರು. ನಾಲ್ಕು ಇಂಜೆಕ್ಟರುಗಳಿಗೆ ಹಂಚಿದರೆ ತಲಾ ನಿಮಿಷಕ್ಕೆ 305 ಸಿಸಿ. ಇಂಜೆಕ್ಟರು ತನ್ನ ಕಾಲದಲ್ಲಿ ನೂರಕ್ಕೆ 80 ಭಾಗಕ್ಕಿಂತ ಹೆಚ್ಚು ತೆರೆದಿರಬಾರದೆಂಬ ನಿಯಮವನ್ನು ಪಾಲಿಸಿದರೆ 380 ಸಿಸಿ. ಬಂಕುಗಳಲ್ಲಿ ಈಗ ದೊರೆಯುವ, ನೂರಕ್ಕೆ 20 ಭಾಗ ಎಥೆನಾಲ್ ಬೆರೆತ ಪೆಟ್ರೋಲಿಗೆ ಕಡಿಮೆ ಗಾಳಿ ಸಾಕಾಗುವುದರಿಂದ, ಅಷ್ಟೇ ಗಾಳಿಗೆ ನೂರಕ್ಕೆ ಸುಮಾರು ಎಂಟರಷ್ಟು ಹೆಚ್ಚು ಇಂಧನ ಬೇಕು. ಅದನ್ನೂ ಸೇರಿಸಿದರೆ 410 ಸಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ 1,000 ಸಿಸಿಯ ಇಂಜೆಕ್ಟರುಗಳನ್ನೇ ಕೊಳ್ಳಿರೆಂದು ಒತ್ತಾಯಿಸಿದರೂ ನಾನು 440 ಸಿಸಿಯವನ್ನು ಆರಿಸಿಕೊಂಡದ್ದು ಈ ಲೆಕ್ಕದ ಆಧಾರದಿಂದಲೇ. ಅತಿ ದೊಡ್ಡ ಇಂಜೆಕ್ಟರಿಗೆ ಹೆಚ್ಚು ಹಣ ತೆರುವುದಲ್ಲದೆ, ಎಂಜಿನು ಮಂದಗತಿಯಲ್ಲಿ ನಿಂತಿರುವಾಗ ಬೇಕಾದ ಅತ್ಯಲ್ಪ ಇಂಧನವನ್ನು ಅದು ನಿಖರವಾಗಿ ಹಾಕುವುದೂ ಕಷ್ಟ.

ಪಂಪಿನ ವಿಷಯದಲ್ಲಿ ಪೆಟ್ಟಿಗೆಯ ಮೇಲೆ ಮುದ್ರಿತವಾದ ಅಂಕಿಯೊಂದನ್ನೇ ನೆಚ್ಚಬಾರದು. ಗಂಟೆಗೆ 255 ಲೀಟರೆಂದು ಹೆಸರಾದ ಪಂಪು ಒತ್ತಡ ಏರಿದಂತೆಲ್ಲ ಕಡಿಮೆ ತಳ್ಳುತ್ತದೆ. ಇಂಜೆಕ್ಟರಿನ ಹರಿವಾದರೋ ಅದರ ಎರಡು ಬದಿಗಳ ಒತ್ತಡದ ಅಂತರದ ವರ್ಗಮೂಲವನ್ನು ಅನುಸರಿಸುತ್ತದೆ; 3.5 ಬಾರ್ ಸ್ಥಿರ ಒತ್ತಡವಿರುವ ವ್ಯವಸ್ಥೆಯಲ್ಲಿ ಟರ್ಬೊ 1 ಬಾರ್ ಒತ್ತಡವನ್ನು ಎದುರಿಗೆ ತಂದೊಡನೆ ಅಂತರ 2.5ಕ್ಕೆ ಇಳಿದು, ಹರಿವು ನೂರಕ್ಕೆ 15ರಷ್ಟು ತಗ್ಗುತ್ತದೆ. ಇದನ್ನು ಬಲ್ಲವನು ಪಂಪನ್ನು ಕೊಳ್ಳುವಾಗ ಒತ್ತಡಕ್ಕೆ ತಕ್ಕ ಹರಿವಿನ ಪಟ್ಟಿಯನ್ನು ಕೇಳುವನು. ನಕಲಿ ಪಂಪುಗಳು ಹೇರಳವಾಗಿರುವ ಈ ಮಾರುಕಟ್ಟೆಯಲ್ಲಿ ಬಿಲ್ಲನ್ನೂ ಕೇಳುವನು.

ನಾನು ತೆತ್ತದ್ದರ ವಿವರ ಹೀಗಿದೆ: ಅಳತೆಯ ಸಾಧನಗಳಿಗೂ ತಂತಿಗೂ 24,500, ಪಂಪಿಗೆ 11,000, ಇಂಜೆಕ್ಟರುಗಳಿಗೆ 28,000, ಎಥೆನಾಲನ್ನು ತಾಳಿಕೊಳ್ಳುವ ಕೊಳವೆಗಳಿಗೂ ಫಿಲ್ಟರಿಗೂ 6,000, ಬಲವನ್ನು ಅಳೆಯುವ ಡೈನೊ ಯಂತ್ರದ ಮೇಲೆ ನಿಲ್ಲಿಸಿ ಹೊಸದಾಗಿ ಮ್ಯಾಪು ಮಾಡಿಸಿದ್ದಕ್ಕೆ 30,000. ಒಟ್ಟು 99,500. ಪಂಪು, ಇಂಜೆಕ್ಟರು ಎಂಬ ಎರಡು ಮುಖ್ಯ ಭಾಗಗಳ ಬೆಲೆ ಇದರಲ್ಲಿ 39,000 ಮಾತ್ರವೆಂಬುದನ್ನು ಓದುಗರು ಗಮನಿಸಬೇಕು. ಅಂಗಡಿಯವನು ಹೇಳುವ ಬೆಲೆಯು ನಿಜವಾದ ವೆಚ್ಚದ ಐದರಲ್ಲಿ ಎರಡು ಪಾಲು. ಉಳಿದ ಮೂರು ಪಾಲನ್ನು ಕಾಣದೆ ಕೆಲಸಕ್ಕೆ ಕೈಹಾಕಿದವರ ಹಣ ಸಾಮಾನ್ಯವಾಗಿ ತೀರಿಹೋಗುವುದು ಮ್ಯಾಪಿಂಗಿನ ಹೊತ್ತಿಗೆ. ಹೊಸ ಇಂಜೆಕ್ಟರುಗಳಿಗೆ ಹೊಂದದ ಹಳೆಯ ಮ್ಯಾಪಿನಲ್ಲಿ ಕಾರನ್ನು ಓಡಿಸುವ ಅಪಾಯ ಹುಟ್ಟುವುದು ಅಲ್ಲಿಯೇ.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡೂ ಆಗಬಹುದು. ರಸ್ತೆಯ ಮೇಲೆ ಓಡುವ ಕಾರಿಗೆ ಇದನ್ನು ಮಾಡಿಸಬೇಕೆನ್ನುವವರು ಮೊದಲು ಆರ್‌ಟಿಒದಲ್ಲಿ ವಿಚಾರಿಸತಕ್ಕದ್ದು. ನನ್ನ ಕಾರು ಸಾರ್ವಜನಿಕ ರಸ್ತೆಯನ್ನು ತ್ಯಜಿಸಿದೆ. ಓಟದ ಕಣಕ್ಕೆ ಅದು ಲಾರಿಯಲ್ಲಿ ಹೋಗುತ್ತದೆ, ಆ ಬಾಡಿಗೆಯನ್ನೂ ನಾನು ಈ ಹವ್ಯಾಸದ ಖಾತೆಗೇ ಬರೆಯುತ್ತೇನೆ. ಸಾಮಾನ್ಯ ವಾಹನ ವಿಮೆಯು ಓಟದ ಸ್ಪರ್ಧೆಗೂ ವೇಗಪರೀಕ್ಷೆಗೂ ಅನ್ವಯಿಸುವುದಿಲ್ಲವಾದುದರಿಂದ, ಅಲ್ಲಿ ಒದಗುವ ನಷ್ಟಕ್ಕೆ ನಾನೇ ಹೊಣೆ.

ಈ ವೆಚ್ಚವನ್ನು ನಾನು ಬಂಡವಾಳವೆಂದು ಎಂದೂ ಎಣಿಸಿಲ್ಲ. ಕಾರನ್ನು ಮಾರುವ ದಿನ ಕೊಳ್ಳುವವನು ಪಂಪಿಗಾಗಲಿ ಇಂಜೆಕ್ಟರಿಗಾಗಲಿ ಹೆಚ್ಚು ಬೆಲೆ ಕಟ್ಟುವನೆಂಬ ನಂಬಿಕೆ ನನಗಿಲ್ಲ. ಆ ಕಾರಣದಿಂದಲೇ ಕಳಚಿದ ಮೂಲ ಭಾಗಗಳನ್ನೆಲ್ಲ ಜೋಪಾನವಾಗಿ ಇರಿಸಿದ್ದೇನೆ. ಹಣವನ್ನು ಆರ್‌ಡಿಯಲ್ಲಿ ತಿಂಗಳು ತಿಂಗಳೂ ಕೂಡಿಟ್ಟೆನೇ ಹೊರತು ಸಾಲ ತೆಗೆಯಲಿಲ್ಲ. ಸವೆದುಹೋಗುವ ವಸ್ತುವಿಗೆ ಬಡ್ಡಿ ತೆರುವುದು ಯಾವ ಸಂಸಾರಕ್ಕೂ ಹಿತವಲ್ಲ.

ಈ ದಾರಿಗೆ ಇಳಿಯಲಿರುವ ತರುಣರಿಗೆ ನನ್ನ ಸಲಹೆ ಇಷ್ಟು. ಮೊದಲು ಅಳೆಯಿರಿ; ಆ ಅಂಕಿಗಳಿಂದ ಲೆಕ್ಕ ಮಾಡಿ ಬೇಕಾದಷ್ಟನ್ನು ಮಾತ್ರ ಕೊಳ್ಳಿರಿ; ಭಾಗಗಳ ಬೆಲೆಯ ಎರಡೂವರೆ ಪಟ್ಟು ಹಣ ಕೈಯಲ್ಲಿ ಕೂಡುವವರೆಗೆ ಒಂದು ಬೋಲ್ಟನ್ನೂ ಸಡಿಲಿಸಬೇಡಿರಿ. ಅಷ್ಟು ಕಾಲ ಕಾದರೆ ಆನಂದ ತಡವಾದೀತು, ಎಂಜಿನು ಮಾತ್ರ ಉಳಿಯುತ್ತದೆ.