ಪ್ಲಾಟ್‌ಫಾರಮ್ಮಿನಲ್ಲಿ ಸಿಕ್ಕ ಉತ್ತರ

ಪಿಯುಸಿಯಲ್ಲಿ ಒಂದು ರೈಲಿನ ಲೆಕ್ಕ ನನ್ನ ಅಂಕ ತಿಂದಿತ್ತು. ಗಂಟೆಗೆ 72 ಕಿಲೋಮೀಟರ್ ಜವದಲ್ಲಿ ಓಡುವ 200 ಮೀಟರ್ ಉದ್ದದ ರೈಲು 300 ಮೀಟರಿನ ಪ್ಲಾಟ್‌ಫಾರಂ ದಾಟಲು ಎಷ್ಟು ಹೊತ್ತು ಬೇಕು? ದೂರವನ್ನು ಜವದಿಂದ ಭಾಗಿಸಿದರೆ ಕಾಲ, ಸೂತ್ರ ಬಾಯಿಪಾಠವಿತ್ತು. 300ನ್ನು 72ರಿಂದ ಭಾಗಿಸಿ, ಸುಮಾರು ನಾಲ್ಕು ಸೆಕೆಂಡು ಎಂದು ಬರೆದು ಬಂದೆ.

ಆ ವಾರವೇ ಊರಿಗೆ ಹೋಗಲು ಅರಸೀಕೆರೆ ಜಂಕ್ಷನ್ನಿನಲ್ಲಿ ಕಾಯುತ್ತಿದ್ದಾಗ ನಿಲ್ಲದೆ ಹೋಗುವ ಗೂಡ್ಸ್ ಗಾಡಿ ಬಂತು. ಎಂಜಿನ್ ಈ ತುದಿ ಮುಟ್ಟಿದ್ದೇ ಎಣಿಸತೊಡಗಿದೆ. ನಾಲ್ಕು ಎನ್ನುವಾಗ ಅದಿನ್ನೂ ಟೀ ಅಂಗಡಿಯನ್ನೂ ದಾಟಿರಲಿಲ್ಲ. ಎಂಜಿನ್ ಆ ತುದಿ ಬಿಟ್ಟು ಹೋದ ಮೇಲೂ ಡಬ್ಬಿಗಳು ಒಂದರ ಹಿಂದೊಂದು ನನ್ನ ಮುಂದೆ ಸಾಗುತ್ತಲೇ ಇದ್ದವು. ಕೊನೆಯ ಗಾರ್ಡ್ ಡಬ್ಬಿ ಆಚೆ ಹೋದಾಗಲೇ ತಾನೇ ರೈಲು ದಾಟಿದಂತೆ! ರೈಲಿನ ಉದ್ದವನ್ನೂ ಕೂಡಿಸಬೇಕೆಂಬುದು ಅಲ್ಲಿ ಕಣ್ಣಿಗೇ ಕಂಡಿತು. ಒಟ್ಟು 500 ಮೀಟರ್. 72ನ್ನು 5ರಿಂದ ಗುಣಿಸಿ 18ರಿಂದ ಭಾಗಿಸಿದರೆ ಸೆಕೆಂಡಿಗೆ 20 ಮೀಟರ್. ಉತ್ತರ 25 ಸೆಕೆಂಡು.

ಈಗ ಹಳೇಬೀಡಿನ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಮೊದಲು ಚಿತ್ರ ಬಿಡಿಸಿ, ಕೊಟ್ಟ ಅಂಕಿಗಳನ್ನು ಏಕಮಾನದ ಸಮೇತ ಬರೆದುಕೊಳ್ಳಿ, ಆಮೇಲೆ ಸೂತ್ರ ಎನ್ನುತ್ತೇನೆ. ಬೇಲೂರಿಗೆ 16 ಕಿಲೋಮೀಟರ್. ಬಸ್ಸು ಹೋಗುವಾಗ ಗಂಟೆಗೆ 20, ಬರುವಾಗ 40 ಕಿಲೋಮೀಟರ್ ಓಡಿದರೆ ಸರಾಸರಿ ಜವ ಎಷ್ಟು? ಇಡೀ ತರಗತಿ 30 ಅನ್ನುತ್ತದೆ. ಹೋಗಲು 48 ನಿಮಿಷ, ಬರಲು 24 ಎಂದು ಬರೆಸುತ್ತೇನೆ. 32 ಕಿಲೋಮೀಟರಿಗೆ 72 ನಿಮಿಷ. ಗಂಟೆಗೆ 27ಕ್ಕೂ ತುಸು ಕಡಿಮೆ. ನಿಧಾನದ ಬಸ್ಸಿನಲ್ಲೇ ಹೆಚ್ಚು ಹೊತ್ತು ಕೂತಿದ್ದೆವಲ್ಲ.

ಆದರೆ ತೆಂಗಿನ ಸೀಮೆಯ ಮಕ್ಕಳಿಗೆ ತೆಂಗಿನಕಾಯಿಗಿಂತ ಒಳ್ಳೆಯ ಲೆಕ್ಕವಿಲ್ಲ. 20 ಮೀಟರ್ ಮೇಲಿಂದ ಕಾಯಿ ಬೀಳುತ್ತದೆ. ಗುರುತ್ವ ವೇಗೋತ್ಕರ್ಷ 10 ಎಂದು ಹಿಡಿದು ಅದರ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದರೆ ಎತ್ತರ ಬರಬೇಕು. ಹಾಗಾದರೆ ಕಾಲ ಎರಡು ಸೆಕೆಂಡು. "ಸಾರ್, ಕಾಯಿ ತೂಕ ಎಲ್ಲಿ ಹಾಕೋದು?" ಎಂದಳು ಒಬ್ಬ ಹುಡುಗಿ. ಸೂತ್ರವನ್ನು ನಿಜವಾಗಿ ನೋಡಿದವರಿಗಷ್ಟೇ ಹೊಳೆಯುವ ಪ್ರಶ್ನೆ ಅದು. ನನಗೆ ಹೇಳತೀರದ ಸಂತೋಷವಾಯಿತು. ಮರುದಿನ ಶಾಲೆಯ ಮಹಡಿಯಿಂದ ಒಂದು ಬಲಿತ ಕಾಯಿಯನ್ನೂ ನಿಂಬೆಹಣ್ಣಿನ ಗಾತ್ರದ ಕಲ್ಲನ್ನೂ ಒಟ್ಟಿಗೆ ಕೈಬಿಟ್ಟೆವು. ನೆಲದಲ್ಲಿ ಕೇಳಿದ್ದು ಒಂದೇ ಸದ್ದು.

ಆ 20 ಮೀಟರಿನ ಕಾಯಿ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 20 ಮೀಟರ್, ಗಂಟೆಗೆ 72 ಕಿಲೋಮೀಟರ್. ನನ್ನ ಲೆಕ್ಕದ ರೈಲಿನಷ್ಟೇ. ತೋಟದಲ್ಲಿ ಕಾಯಿ ಕೀಳುವಾಗ ಮಕ್ಕಳನ್ನು ಮರದಡಿ ಬಿಡಬೇಡಿ.