ಸಣಕಲು ಮಗುವಿಗೂ ಬೇಕು ದಿನಕ್ಕೊಂದು ಗಂಟೆ ಓಟ

1. ತೂಕದ ಯಂತ್ರವನ್ನಷ್ಟೇ ನಂಬಬೇಡಿ. 'ನಮ್ಮ ಮಗ ಕಡ್ಡಿ ಥರ ಇದ್ದಾನೆ, ಅವನಿಗೆಲ್ಲಿಯ ಬೊಜ್ಜು' ಎನ್ನುವವರು ಇದನ್ನು ಕೇಳಬೇಕು. 2004ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' ಇಬ್ಬರು ವಿಜ್ಞಾನಿಗಳ ಫೋಟೊ ಅಚ್ಚು ಹಾಕಿತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಕೂಡ 22.3. ಆದರೆ ಮೈಯಲ್ಲಿದ್ದ ಕೊಬ್ಬು ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2! ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಅಳೆದಾಗಲೂ ಇದೇ ಕಥೆ. ನಾಲ್ಕನೇ ವಯಸ್ಸಿಗೆ ಅವರು ಎತ್ತರದಲ್ಲೂ ತೂಕದಲ್ಲೂ ಬ್ರಿಟನ್ನಿನ ಮಕ್ಕಳಿಗಿಂತ ಚಿಕ್ಕವರು, ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಜಾಸ್ತಿ. ಸಣ್ಣಗಿರುವುದೇ ಆರೋಗ್ಯ ಎಂದು ನಾವು ನಿಶ್ಚಿಂತರಾಗುವ ಹಾಗಿಲ್ಲ.

2. ಟೈಲರ್ ಟೇಪು ತೆಗೆದುಕೊಳ್ಳಿ. ಶಾಲೆಗೆ ಹೋಗುವ ಮಗುವಿನ ಸೊಂಟದ ಸುತ್ತಳತೆ ಅದರ ಎತ್ತರದ ಅರ್ಧದೊಳಗೆ ಇರಬೇಕು. ದಾಟಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

3. ಲೆಕ್ಕ ಅರುವತ್ತು ನಿಮಿಷದ್ದು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವ ಹಾಗೆ ಮೈ ದಣಿಸಬೇಕು, ವಾರಕ್ಕೆ ಮೂರು ದಿನವಾದರೂ ಮೂಳೆ, ಸ್ನಾಯು ಗಟ್ಟಿಯಾಗುವ ಆಟ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಂದೇ ಉಸಿರಿಗೆ ಆಗಬೇಕೆಂದಿಲ್ಲ. ಬೆಳಿಗ್ಗೆ ಹದಿನೈದು ನಿಮಿಷ, ಶಾಲೆಯ ವಿರಾಮದಲ್ಲಿ ಹತ್ತು, ಸಂಜೆ ಉಳಿದದ್ದು. ಕಷ್ಟವೇ? 2016ರ ಅಂಕಿಅಂಶದಂತೆ ಜಗತ್ತಿನ 11ರಿಂದ 17 ವರ್ಷದ ಮಕ್ಕಳಲ್ಲಿ ಶೇ 81ರಷ್ಟು ಮಂದಿ ಇಷ್ಟನ್ನೂ ಮಾಡುತ್ತಿರಲಿಲ್ಲ.

4. ವ್ಯಾಯಾಮ ಮಾಡಿಸಬೇಡಿ, ಆಡಲು ಬಿಡಿ. ಲಗೋರಿಯನ್ನು ಒಮ್ಮೆ ನಿಂತು ನೋಡಿ. ಚೆಂಡು ಬಡಿದು ಕಲ್ಲು ಚೆಲ್ಲುತ್ತಲೇ ಒಂದು ಗುಂಪು ದಿಕ್ಕಾಪಾಲು. ಒಬ್ಬಳು ಬಗ್ಗಿ ಎರಡು ಕಲ್ಲು ಪೇರಿಸುತ್ತಾಳೆ, ಚೆಂಡು ಬಂತೆಂದು ಪಕ್ಕಕ್ಕೆ ಜಿಗಿದು ಓಡುತ್ತಾಳೆ, ಗೋಡೆಯ ಮರೆಗೆ ನಿಂತು ಉಸಿರೆಳೆದುಕೊಂಡು ಮತ್ತೆ ಕಲ್ಲಿನತ್ತ ನುಗ್ಗುತ್ತಾಳೆ. ಮಕ್ಕಳ ದೇಹಕ್ಕೆ ಒಗ್ಗುವ ರೀತಿಯೇ ಇದು. ಅವರ ಜೋರಿನ ಓಟ ಸಾಮಾನ್ಯವಾಗಿ ಹದಿನೈದು ಸೆಕೆಂಡಿನೊಳಗೆ ಮುಗಿದು, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಶುರುವಾಗುತ್ತದೆ. ಟ್ರೆಡ್‌ಮಿಲ್ ಮೇಲೆ ಇಪ್ಪತ್ತು ನಿಮಿಷ ನಿಲ್ಲಿಸಿದರೆ ಅವರಿಗೆ ಬೇಜಾರಾಗುವುದು ಸಹಜ. ಕುಂಟೆಬಿಲ್ಲೆಯ ಕುಪ್ಪಳಿಕೆ ಮೂಳೆಗೆ ಒಳ್ಳೆಯದು. ಖೋಖೋ, ಕಬಡ್ಡಿ, ಮರಕೋತಿ ಯಾವುದಾದರೂ ಸರಿ.

5. ಕೂರುವುದನ್ನು ಬೈಯುವ ಮೊದಲು ಓಟವನ್ನು ಸೇರಿಸಿ. 2012ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆ 20 ಸಾವಿರಕ್ಕೂ ಹೆಚ್ಚು ಮಕ್ಕಳ ಚಲನೆಯನ್ನು ಯಂತ್ರ ಕಟ್ಟಿ ಅಳೆದ ಮಾಹಿತಿಯನ್ನು ಒಟ್ಟುಮಾಡಿತು. ಎಷ್ಟೇ ಹೊತ್ತು ಕೂತಿರಲಿ, ಚೆನ್ನಾಗಿ ಓಡಾಡಿದ ಮಕ್ಕಳ ಸೊಂಟ, ರಕ್ತದೊತ್ತಡ, ಇನ್ಸುಲಿನ್ ಎಲ್ಲವೂ ಉತ್ತಮ ಸ್ಥಿತಿಯಲ್ಲಿದ್ದವು. ಹಾಗೆಂದು ಟಿವಿ, ಮೊಬೈಲ್ ಪರದೆಗೆ ರಜೆ ಕೊಡುವುದನ್ನು ಬಿಡಬೇಡಿ. ಬೆಂಗಳೂರಿನ ಸುತ್ತಮುತ್ತಲ ಮಕ್ಕಳ ಅಧ್ಯಯನವೊಂದು 2007ರಲ್ಲಿ ಟಿವಿ, ಕಡಿಮೆ ನಿದ್ದೆ, ಕರಿದ ತಿಂಡಿ ಮೂರಕ್ಕೂ ಅಧಿಕ ತೂಕದೊಂದಿಗೆ ನಂಟಿರುವುದನ್ನು ತೋರಿಸಿದೆ. ಊಟದ ಹೊತ್ತಿಗೆ ಮತ್ತು ಮಲಗುವ ಕೋಣೆಗೆ ಮೊಬೈಲ್ ಬೇಡ.

6. ದಪ್ಪಗಿರುವ ಮಗುವನ್ನು 'ಗುಂಡಣ್ಣ' ಎಂದು ಕರೆಯಬೇಡಿ, ಯಾರೂ ಕರೆಯಲು ಬಿಡಬೇಡಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಸೂತ್ರ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಸುಮಾರು 200 ಮಕ್ಕಳನ್ನು 7ರಿಂದ 10ನೇ ವಯಸ್ಸಿನವರೆಗೆ ಹಿಂಬಾಲಿಸಿದ ಸಂಶೋಧಕರಿಗೆ ಕಂಡದ್ದು ನಾವು ಅಂದುಕೊಂಡದ್ದರ ತಿರುವುಮುರುವು: ಆಡದ್ದರಿಂದ ಕೊಬ್ಬು ಏರಿದ್ದು ಕಾಣಲಿಲ್ಲ, ಕೊಬ್ಬಿದ್ದ ಮಕ್ಕಳೇ ಬರಬರುತ್ತಾ ಆಟ ಕಡಿಮೆ ಮಾಡಿದರು. 'ಸೋಂಬೇರಿ' ಎಂದು ಗದರಿಸುವ ನಾವು ಆ ಮಗುವನ್ನು ಮೈದಾನದಿಂದ ಇನ್ನಷ್ಟು ದೂರ ತಳ್ಳುತ್ತೇವೆ. ಆಡಿದರೆ ತೂಕ ಇಳಿದೇ ಇಳಿಯುತ್ತದೆಂದು ಮಾತು ಕೊಡಬೇಡಿ. ತೂಕ ಇಳಿಯದಿದ್ದರೂ ಹೃದಯ, ಮೂಳೆ, ಇನ್ಸುಲಿನ್‌ಗೆ ಲಾಭ ಇದ್ದೇ ಇದೆ. ಟೀಮು ಆರಿಸುವಾಗ ಅಂಥ ಮಗುವನ್ನು ಕೊನೆಗೆ ಉಳಿಸದಂತೆ ಪಿಟಿ ಮೇಷ್ಟ್ರಿಗೆ ಹೇಳಿ.

7. ಆಟದ ಪೀರಿಯಡ್ ಉಳಿಸಿ. ಎಸ್ಸೆಸ್ಸೆಲ್ಸಿ ಹತ್ತಿರವಾದಂತೆ ಮೊದಲು ಹೋಗುವುದು ಅದೇ, ಗಣಿತದ ಪಾಠ ಮುಗಿಸಲಿಕ್ಕೆ. ಮುಂದಿನ ಪೋಷಕರ ಸಭೆಯಲ್ಲಿ ಮಾರ್ಕ್ಸ್ ಕೇಳಿದ ಮೇಲೆ ಇದನ್ನೂ ಕೇಳಿ: ಕಳೆದ ತಿಂಗಳು ಮಕ್ಕಳು ನಿಜವಾಗಿ ಎಷ್ಟು ಪೀರಿಯಡ್ ಆಡಿದರು?