ನಾಯಕನಿಗೆ ಹನ್ನೊಂದನೆಯ ಕಟ್ಟಳೆ ಉಂಟೇ?



ಕ್ರಿಕೆಟ್ ಅಥವಾ ಫುಟ್‌ಬಾಲ್ ತಂಡದ ನಾಯಕನೊಬ್ಬ ನಡತೆಯಲ್ಲಿ ಎಡವಿದ ಸುದ್ದಿ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. “ಆಟ ಚೆನ್ನಾಗಿ ಆಡಿದರೆ ಸಾಕು, ಅವನ ಸ್ವಂತ ವಿಷಯ ನಮಗೇಕೆ?” ಎಂಬುದು ಒಂದು. “ನಾಯಕನಾದವನೇ ಹೀಗೆ ಮಾಡಿದರೆ ನಮ್ಮ ಮಕ್ಕಳು ಯಾರನ್ನು ನೋಡಿ ಕಲಿಯಬೇಕು?” ಎಂಬುದು ಇನ್ನೊಂದು. ಸಾಮಾನ್ಯವಾಗಿ ಮೊದಲನೆಯದು ಮಗನ ಮಾತು, ಎರಡನೆಯದು ತಾಯಿಯ ಮಾತು. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಹಾಗಾದರೆ ನಾಯಕನ ವೈಯಕ್ತಿಕ ನಡತೆಯನ್ನು ಉಳಿದ ಆಟಗಾರರಿಗಿಂತ ದೊಡ್ಡ ಅಳತೆಗೋಲಿನಿಂದ ಅಳೆಯುವುದು ನ್ಯಾಯವೇ? ಈ ವಾರ ಈ ಪ್ರಶ್ನೆಯನ್ನು ನಿಧಾನವಾಗಿ ಬಿಡಿಸಿ ನೋಡೋಣ. ಇದು ಮೈದಾನಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಮನೆಯನ್ನು ನಡೆಸುವವರು, ತರಗತಿಯನ್ನು ನಡೆಸುವವರು, ಸಂಘವನ್ನು ನಡೆಸುವವರು, ಧರ್ಮಕೇಂದ್ರವನ್ನು ನಡೆಸುವ ನನ್ನಂಥ ಗುರುಗಳು, ಎಲ್ಲರೂ ಇದಕ್ಕೆ ಉತ್ತರ ಕೊಡಬೇಕಾದವರೇ.

ಕಟ್ಟಳೆ ಒಂದೇ, ಲೆಕ್ಕ ಬೇರೆ

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ದೇವರು ಕೊಟ್ಟ ಕಟ್ಟಳೆಗಳು ಹತ್ತು. ನಾಯಕನಿಗೆಂದು ಹನ್ನೊಂದನೆಯ ಕಟ್ಟಳೆ ಇಲ್ಲ. ಹನ್ನೆರಡನೆಯ ಆಟಗಾರನಿಗೆ ಒಂಬತ್ತೇ ಸಾಕು ಎಂಬ ರಿಯಾಯಿತಿಯೂ ಇಲ್ಲ. ಕದಿಯಬಾರದು, ಸುಳ್ಳು ಹೇಳಬಾರದು, ವ್ಯಭಿಚಾರ ಮಾಡಬಾರದು ಎಂಬುದು ಇಬ್ಬರಿಗೂ ಒಂದೇ. ನಾಯಕನಿಗೆ ಮಾತ್ರ ಉನ್ನತ ನೀತಿ ಬೇಕು ಎಂದು ಹೇಳುವಾಗ, ಉಳಿದವರು ಸ್ವಲ್ಪ ಸಡಿಲವಾಗಿರಬಹುದು ಎಂಬ ಅರ್ಥ ಒಳಗೆ ಅಡಗಿರುತ್ತದೆ. ಗ್ಯಾಲರಿಯಲ್ಲಿ ಕುಳಿತ ನಮಗೆ ಅದು ಬಹಳ ಅನುಕೂಲದ ಮಾತು.

ಬದಲಾಗುವುದು ಕಟ್ಟಳೆಯಲ್ಲ, ಒಪ್ಪಿಸಬೇಕಾದ ಲೆಕ್ಕ. ಯಾರ ಕೈಗೆ ಹೆಚ್ಚು ಒಪ್ಪಿಸಲಾಗಿದೆಯೋ ಅವರಿಂದ ಹೆಚ್ಚು ಕೇಳಲಾಗುವುದು ಎಂದು ಪ್ರಭು ಯೇಸು ಲೂಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಬೋಧಿಸುತ್ತಾರೆ. ಸಂತ ಥಾಮಸ್ ಅಕ್ವಿನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದಾರೆ. ಪಾಪ ಮಾಡಿದವನು ಉನ್ನತ ಸ್ಥಾನದವನಾದರೆ ಪಾಪದ ಭಾರ ಹೆಚ್ಚುತ್ತದೆಯೇ? ಹೆಚ್ಚುತ್ತದೆ ಎನ್ನುತ್ತಾರೆ ಅವರು, ಮತ್ತು ನಾಲ್ಕು ಕಾರಣ ಕೊಡುತ್ತಾರೆ. ತಿಳಿವಳಿಕೆ, ಸದ್ಗುಣ ಹೆಚ್ಚಿದ್ದವನಿಗೆ ಪಾಪವನ್ನು ಎದುರಿಸುವ ಶಕ್ತಿಯೂ ಹೆಚ್ಚು. ಪಡೆದ ವರಗಳು ಹೆಚ್ಚಾದಷ್ಟೂ ಕೃತಘ್ನತೆ ದೊಡ್ಡದು. ಕೆಲವು ಪಾಪಗಳು ಆ ಸ್ಥಾನಕ್ಕೇ ವಿರುದ್ಧವಾದವು. ನ್ಯಾಯವನ್ನು ಕಾಯಬೇಕಾದ ಅರಸನೇ ನ್ಯಾಯ ಮುರಿದಂತೆ. ಕೊನೆಯದಾಗಿ, ದೊಡ್ಡವನ ತಪ್ಪು ಹಲವರಿಗೆ ಮಾದರಿಯಾಗುತ್ತದೆ.

ಆದರೆ ಅಕ್ವಿನಾಸರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ. ಮಾನವ ದೌರ್ಬಲ್ಯದಿಂದ, ಯೋಚನೆಗೆ ಮೊದಲೇ ಘಟಿಸಿಬಿಡುವ ತಪ್ಪಿಗೂ, ಗೊತ್ತಿದ್ದು ಲೆಕ್ಕ ಹಾಕಿ ಮಾಡುವ ತಪ್ಪಿಗೂ ವ್ಯತ್ಯಾಸವಿದೆ. ಸ್ಥಾನದ ಭಾರ ಬೀಳುವುದು ಮುಖ್ಯವಾಗಿ ಎರಡನೆಯದರ ಮೇಲೆ. ಇದನ್ನು ನೆನಪಿನಲ್ಲಿಡೋಣ.

ಆಟ ಬಲ್ಲವನಾದರೆ ಸಾಲದೇ?

“ನಾಯಕನನ್ನು ಆರಿಸುವುದು ಗೆಲ್ಲಲಿಕ್ಕೆ, ಸಂತನಾಗಲಿಕ್ಕಲ್ಲ” ಎಂದು ಕೆಲವರು ವಾದಿಸುತ್ತಾರೆ. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ತನ್ನ ರಾಜನೀತಿ ಗ್ರಂಥದಲ್ಲಿ ಒಂದು ಹಡಗಿನ ಉದಾಹರಣೆ ಕೊಡುತ್ತಾನೆ. ನಾವಿಕರಲ್ಲಿ ಒಬ್ಬನು ಹುಟ್ಟು ಹಾಕುವವನು, ಒಬ್ಬನು ಚುಕ್ಕಾಣಿ ಹಿಡಿಯುವವನು. ಒಬ್ಬೊಬ್ಬನ ಕೆಲಸ ಬೇರೆ, ಹಡಗು ಸುರಕ್ಷಿತವಾಗಿ ದಡ ಸೇರುವುದು ಎಲ್ಲರ ಗುರಿ. ಒಳ್ಳೆಯ ಪ್ರಜೆಯಾಗಲು ಪ್ರತಿಯೊಬ್ಬನೂ ಪರಿಪೂರ್ಣ ಮನುಷ್ಯನಾಗಿರಬೇಕಿಲ್ಲ, ತನ್ನ ಪಾಲಿನ ಕೆಲಸ ಸರಿಯಾಗಿ ಮಾಡಿದರೆ ಸಾಕು ಎನ್ನುತ್ತಾನೆ ಆತ. ಆದರೆ ಆಳುವವನ ವಿಷಯ ಬಂದಾಗ ಒಳ್ಳೆಯ ಮನುಷ್ಯನೂ ವಿವೇಕಿಯೂ ಆಗಿರಬೇಕು ಎಂದು ಹೇಳುತ್ತಾನೆ. ಏಕೆಂದರೆ ಆಳುವವನ ಕೈಯಲ್ಲಿರುವುದು ಬರಿಯ ಕೆಲಸವಲ್ಲ, ಇತರ ಮನುಷ್ಯರು.

ಕ್ರಿಕೆಟ್‌ನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಯಾರಿಗೆ ಬೌಲಿಂಗ್ ಕೊಡಬೇಕು, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂದು ನಿರ್ಧರಿಸುವವನು ನಾಯಕ. ತಂಡದ ಆಯ್ಕೆಯಲ್ಲೂ ಅವನ ಮಾತಿಗೆ ಬೆಲೆಯಿದೆ. ಹೊಸದಾಗಿ ತಂಡಕ್ಕೆ ಬಂದ ಹುಡುಗನ ಭವಿಷ್ಯ ಅವನ ಒಂದು ಮಾತಿನಲ್ಲಿರಬಹುದು. ಬ್ಯಾಟಿಂಗ್ ಕೌಶಲದಿಂದ ಬಂದ ಅಧಿಕಾರವಾದರೂ ಅದನ್ನು ಬಳಸಲು ಕೌಶಲ ಮಾತ್ರ ಸಾಲದು.

ಬೇಲಿಯೇ ಹೊಲ ಮೇಯ್ದಾಗ

ದಕ್ಷಿಣ ಆಫ್ರಿಕಾದ ಹ್ಯಾನ್ಸಿ ಕ್ರೋನಿಯೆ 53 ಟೆಸ್ಟ್ ಪಂದ್ಯಗಳಲ್ಲಿ ನಾಯಕರಾಗಿದ್ದು 27 ಗೆದ್ದವರು. ಬಹಿರಂಗವಾಗಿ ಕ್ರೈಸ್ತ ವಿಶ್ವಾಸವನ್ನು ಸಾರುತ್ತಿದ್ದವರು. ‘ಈ ಸಂದರ್ಭದಲ್ಲಿ ಯೇಸು ಏನು ಮಾಡುತ್ತಿದ್ದರು?’ ಎಂಬ ಪ್ರಶ್ನೆಯ ಮೊದಲಕ್ಷರಗಳಿದ್ದ ಪಟ್ಟಿಯನ್ನು ಕೈಗೆ ಕಟ್ಟಿಕೊಳ್ಳುತ್ತಿದ್ದವರು. 2000ದ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ಅವರ ಮತ್ತು ಬುಕಿಯೊಬ್ಬನ ನಡುವಿನ ದೂರವಾಣಿ ಮಾತುಕತೆಯನ್ನು ಬಯಲಿಗೆಳೆದರು. ಮೊದಲು ಅಲ್ಲಗಳೆದ ಕ್ರೋನಿಯೆ, ಕೆಲವೇ ದಿನಗಳಲ್ಲಿ ತಾನು ಪೂರ್ಣ ಪ್ರಾಮಾಣಿಕನಾಗಿರಲಿಲ್ಲ ಎಂದು ಒಪ್ಪಿಕೊಂಡರು. ನಾಯಕತ್ವ ಹೋಯಿತು. ಅದೇ ವರ್ಷ ಅವರಿಗೆ ಆಜೀವ ನಿಷೇಧವಾಯಿತು.

ಅವರು ಹಣ ಪಡೆದರು ಎಂಬುದಕ್ಕಿಂತಲೂ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಆ ವರ್ಷದ ಭಾರತ ಪ್ರವಾಸದ ಎರಡು ಸಂಗತಿಗಳು. ನಂತರ ನಡೆದ ವಿಚಾರಣೆಯಲ್ಲಿ ಇವು ಹೊರಬಂದವು. ನಮ್ಮ ಬೆಂಗಳೂರಿನಲ್ಲಿ ಮಾರ್ಚ್ ತಿಂಗಳಲ್ಲಿ ನಡೆದ ಟೆಸ್ಟ್ ಪಂದ್ಯದ ಮುನ್ನ ಅವರು ತಂಡದಲ್ಲಿ ಗಟ್ಟಿಯಾಗಿ ನೆಲೆಯೂರಿದ್ದ ಮೂವರು ಆಟಗಾರರ ಬಳಿ ಹಣದ ಆಮಿಷದ ಮಾತೆತ್ತಿದರು. ಆ ಮೂವರು ಒಪ್ಪಲಿಲ್ಲ. ಆಮೇಲೆ ನಾಗಪುರದಲ್ಲಿ ಹರ್ಷಲ್ ಗಿಬ್ಸ್ ಮತ್ತು ಹೆನ್ರಿ ವಿಲಿಯಮ್ಸ್ ಬಳಿ ಹೋದರು. ಕೆಟ್ಟದಾಗಿ ಆಡಿದರೆ ತಲಾ 15,000 ಡಾಲರ್ ಎಂದರು. ವಿಲಿಯಮ್ಸ್ ತಂಡಕ್ಕೆ ಹೊಸಬರು. ಇಬ್ಬರೂ ಬಿಳಿಯರಲ್ಲದ ಸಮುದಾಯದವರು. ವರ್ಣಭೇದದ ಆಡಳಿತ ಕೊನೆಗೊಂಡು ಆಗಿನ್ನೂ ಆರು ವರ್ಷ. ಇವರು ನಾಯಕನಿಗೆ ಇಲ್ಲ ಎನ್ನಲಾರದೆ ಹೋದರು.

ಪಂದ್ಯದಲ್ಲಿ ಗಿಬ್ಸ್ ಕೊಟ್ಟ ಮಾತಿನಂತೆ ನಡೆಯದೆ 74 ರನ್ ಹೊಡೆದರು. ವಿಲಿಯಮ್ಸ್ ಗಾಯಗೊಂಡು ತಮ್ಮ ಎರಡನೆಯ ಓವರ್ ಕೂಡ ಮುಗಿಸಲಾಗಲಿಲ್ಲ. ಹಣ ಕೈಸೇರಲಿಲ್ಲ. ಆದರೂ ಇಬ್ಬರಿಗೂ ಆರು ತಿಂಗಳ ನಿಷೇಧವಾಯಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಎಳೆಯರ ಕಾಲಿಗೆ ಎಡವುಗಲ್ಲಾಗುವವನ ಬಗ್ಗೆ ಪ್ರಭು ಯೇಸು ಬೀಸುವ ಕಲ್ಲಿನ ಮಾತನ್ನು ಆಡಿದ್ದು ಏಕೆಂದು ಇಲ್ಲಿ ಅರ್ಥವಾಗುತ್ತದೆ. ಇನ್ನೊಬ್ಬರನ್ನು ಪಾಪಕ್ಕೆ ಎಳೆಯುವ ತಪ್ಪು, ಎಳೆಯುವವನಿಗೆ ಅಧಿಕಾರವಿದ್ದಾಗ ಮತ್ತು ಎಡವುವವನು ದುರ್ಬಲನಾಗಿದ್ದಾಗ ಹೆಚ್ಚು ಗಂಭೀರವಾಗುತ್ತದೆ ಎಂಬುದು 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ ಬೋಧನೆ.

ಕಂಡೂ ಕಾಣದಂತೆ ಇದ್ದರೆ?

2018ರ ಮಾರ್ಚ್‌ನಲ್ಲಿ ಕೇಪ್‌ಟೌನ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಕ್ಯಾಮರಾನ್ ಬ್ಯಾಂಕ್ರಾಫ್ಟ್ ಚೆಂಡಿನ ಮೇಲ್ಮೈ ಕೆಡಿಸಲು ಉಪ್ಪುಕಾಗದ ಬಳಸಿ ಸಿಕ್ಕಿಬಿದ್ದರು. ಕೈಯಾರೆ ಮಾಡಿದ ಅವರಿಗೆ ಒಂಬತ್ತು ತಿಂಗಳ ನಿಷೇಧವಾಯಿತು. ಚೆಂಡನ್ನು ಮುಟ್ಟಿ ಕೆಡಿಸದಿದ್ದರೂ ವಿಷಯ ತಿಳಿದೂ ತಡೆಯದ ನಾಯಕ ಸ್ಟೀವ್ ಸ್ಮಿತ್ ಅವರಿಗೆ ಹನ್ನೆರಡು ತಿಂಗಳು. ಅದರ ಮೇಲೆ ಇನ್ನೂ ಒಂದು ವರ್ಷ ನಾಯಕತ್ವ ವಹಿಸುವಂತಿಲ್ಲ ಎಂಬ ನಿರ್ಬಂಧ. ಕೆಲವರಿಗೆ ಇದು ತಲೆಕೆಳಗಾದ ನ್ಯಾಯವೆನಿಸಬಹುದು. ಆದರೆ ಬಲಿಪೂಜೆಯ ಆರಂಭದಲ್ಲಿ ನಾವು ಮಾಡಿದ ಪಾಪಗಳ ಜೊತೆಗೆ ಮಾಡದೆ ಬಿಟ್ಟ ಕರ್ತವ್ಯಗಳಿಗೂ ಕ್ಷಮೆ ಕೇಳುತ್ತೇವಲ್ಲವೇ? “ಬೇಡ” ಎಂದು ಒಂದು ಮಾತು ಹೇಳುವ ಅಧಿಕಾರ ಇದ್ದದ್ದು ನಾಯಕನಿಗೆ. ಹೇಳದೆ ಇದ್ದದ್ದೇ ಅವರ ತಪ್ಪು.

ಖಾಸಗಿ ತಪ್ಪಿನ ವಿಷಯ

ಇಷ್ಟರವರೆಗೆ ನೋಡಿದ್ದು ಆಟಕ್ಕೆ ಸಂಬಂಧಪಟ್ಟ ಅಪರಾಧಗಳನ್ನು. ನಿಜವಾದ ಕಗ್ಗಂಟು ಇರುವುದು ಖಾಸಗಿ ಬದುಕಿನಲ್ಲಿ. ಸ್ಮಿತ್ ಬಳಿಕ ಆ ಸ್ಥಾನಕ್ಕೆ ಬಂದವರು ಟಿಮ್ ಪೇನ್. ಕೆಟ್ಟ ಹೆಸರನ್ನು ತೊಳೆಯಬೇಕಾದ ನಾಯಕ ಎಂದೇ ಜನ ಅವರನ್ನು ನೋಡಿದರು. ಅವರು 2017ರಲ್ಲಿ, ನಾಯಕರಾಗುವ ಮೊದಲೇ, ತಮ್ಮ ರಾಜ್ಯದ ಕ್ರಿಕೆಟ್ ಸಂಸ್ಥೆಯಲ್ಲಿ ಕೆಲಸದಲ್ಲಿದ್ದ ಮಹಿಳೆಯೊಬ್ಬರಿಗೆ ಅಶ್ಲೀಲ ಸಂದೇಶಗಳನ್ನು ಕಳುಹಿಸಿದ್ದರು. 2018ರಲ್ಲಿ ಕ್ರಿಕೆಟ್ ಮಂಡಳಿ ಒಳಗೊಳಗೇ ತನಿಖೆ ನಡೆಸಿ ನೀತಿಸಂಹಿತೆಯ ಉಲ್ಲಂಘನೆ ಆಗಿಲ್ಲ ಎಂದಿತು. 2021ರ ನವೆಂಬರ್‌ನಲ್ಲಿ ವಿಷಯ ಪತ್ರಿಕೆಗಳಿಗೆ ಬರಲಿದೆ ಎಂದಾಗ ಪೇನ್ ರಾಜೀನಾಮೆ ಕೊಟ್ಟರು. ಅಂದಿನ ಮಂಡಳಿಯ ಅಧ್ಯಕ್ಷರು, ತಾವಾಗಿದ್ದರೆ 2018ರಲ್ಲಿ ಆ ತೀರ್ಮಾನ ಕೈಗೊಳ್ಳುತ್ತಿರಲಿಲ್ಲ ಎಂದರು.

ಗಮನಿಸಿ. ಮೂರು ವರ್ಷಗಳಲ್ಲಿ ತಪ್ಪು ಬದಲಾಗಲಿಲ್ಲ. ಮುಖ್ಯವಾಗಿ ಬದಲಾದದ್ದು ಜನರಿಗೆ ತಿಳಿದದ್ದು. ಬಯಲಾಗುವವರೆಗೆ ಚಿಂತೆಯಿಲ್ಲ, ಬಯಲಾದ ಮೇಲೆ ಕ್ಷಮೆಯಿಲ್ಲ ಎಂಬುದು ನೀತಿಯ ಅಳತೆಗೋಲಲ್ಲ, ಮರ್ಯಾದೆಯ ಅಳತೆಗೋಲು. ಮನಸ್ಸಾಕ್ಷಿ ಪತ್ರಿಕೆಯವರಿಗಾಗಿ ಕಾಯುವುದಿಲ್ಲ.

ಹಾಗೆಂದು ದೊಡ್ಡವರ ಮಲಗುವ ಕೋಣೆಗೆಲ್ಲ ಇಣುಕುವ ಹಕ್ಕು ನಮಗಿದೆಯೇ? ಇಲ್ಲ. ಸಕಾರಣವಿಲ್ಲದೆ ಪರರ ಗುಟ್ಟಿನ ತಪ್ಪುಗಳನ್ನು ಹೊರಹಾಕುವುದೂ ಪಾಪವೆಂದೇ ಧರ್ಮಸಭೆ ಬೋಧಿಸುತ್ತದೆ. ಹಾಗಾದರೆ ಎಲ್ಲಿ ಗೆರೆ ಎಳೆಯಬೇಕು? ಮೂರು ಪ್ರಶ್ನೆ ಕೇಳಿಕೊಳ್ಳಿ. ಒಂದು, ಈ ತಪ್ಪಿನಿಂದ ಅವನ ಕೈಕೆಳಗಿನವರಿಗೆ ಅಥವಾ ಜೊತೆಯಲ್ಲಿ ದುಡಿಯುವವರಿಗೆ ಅನ್ಯಾಯವಾಗಿದೆಯೇ? ಎರಡು, ಯಾವ ನಂಬಿಕೆಯ ಮೇಲೆ ಆ ಸ್ಥಾನ ನಿಂತಿದೆಯೋ ಅದನ್ನೇ ಈ ತಪ್ಪು ಮುರಿದಿದೆಯೇ? ಮೂರು, ಅವನನ್ನು ನೋಡಿ ಬೆಳೆಯುವ ಎಳೆಯರನ್ನು ಇದು ಅದೇ ದಾರಿಗೆ ಎಳೆಯುತ್ತದೆಯೇ? ಒಂದಕ್ಕಾದರೂ ಹೌದು ಎಂಬ ಉತ್ತರ ಬಂದರೆ ಅದು ಅವನ ಸ್ವಂತ ವಿಷಯವಾಗಿ ಉಳಿಯುವುದಿಲ್ಲ. ಪೇನ್ ಪ್ರಕರಣದಲ್ಲಿ ಅದೇ ಕ್ರೀಡಾಸಂಸ್ಥೆಯಲ್ಲಿ ದುಡಿಯುತ್ತಿದ್ದ ಮಹಿಳೆಯೊಬ್ಬರು ದೂರು ಕೊಟ್ಟಿದ್ದರು. ಆದ್ದರಿಂದ ಅದನ್ನು ಗಂಡ ಹೆಂಡಿರ ನಡುವಿನ ಮಾತೆಂದು ಮುಚ್ಚುವಂತಿರಲಿಲ್ಲ. ಆದರೆ ಒಬ್ಬ ನಾಯಕನ ದಾಂಪತ್ಯ ಒಡೆದಿದೆ, ಒಬ್ಬನು ಕುಡಿತದ ಚಟದೊಡನೆ ಹೋರಾಡುತ್ತಾ ಚಿಕಿತ್ಸೆ ಪಡೆಯುತ್ತಿದ್ದಾನೆ ಎಂದುಕೊಳ್ಳಿ. ಮೂರಕ್ಕೂ ಇಲ್ಲ ಎಂಬ ಉತ್ತರ ಬಂದರೆ ಅದು ಅವನಿಗೂ ಅವನ ಮನೆಯವರಿಗೂ ದೇವರಿಗೂ ಬಿಟ್ಟದ್ದು. ನಮ್ಮ ಪಾಲಿಗೆ ಉಳಿಯುವುದು ಪ್ರಾರ್ಥನೆ.

ಸ್ಥಾನ ಹೋಗಲಿ, ಮನುಷ್ಯ ಉಳಿಯಲಿ

ದಾವೀದ ಅರಸನ ಬಳಿಗೆ ನಾತಾನ್ ಪ್ರವಾದಿ ಬಂದು ಬಡವನ ಕುರಿಮರಿಯ ಕಥೆ ಹೇಳಿದ್ದು ನಿಮಗೆ ಗೊತ್ತು. ಪ್ರವಾದಿ ತಪ್ಪನ್ನು ಮುಚ್ಚಲಿಲ್ಲ, ಸಂತೆಯಲ್ಲಿ ಸಾರಲೂ ಇಲ್ಲ. ಅರಸನ ಎದುರಿಗೇ ನಿಂತು ಹೇಳಿದ. ದಾವೀದನು ಪಶ್ಚಾತ್ತಾಪಪಟ್ಟ, ಕ್ಷಮೆ ದೊರೆಯಿತು, ಆದರೂ ಪಾಪದ ಫಲವನ್ನು ಅನುಭವಿಸಿದ. ಕ್ಷಮೆ ಬೇರೆ, ಸ್ಥಾನ ಬೇರೆ. ತಪ್ಪಿದವನಿಂದ ನಾಯಕತ್ವ ತೆಗೆದುಕೊಂಡರೆ ಅವನನ್ನು ದ್ವೇಷಿಸಿದಂತಲ್ಲ. ಅವನನ್ನು ಕ್ಷಮಿಸಿದರೆ ನಾಯಕತ್ವ ಹಿಂದಿರುಗಿಸಲೇಬೇಕೆಂದೂ ಅಲ್ಲ. ಕಾಲ ಕಳೆದು ನಡತೆ ಸಾಬೀತಾದರೆ ಹಿಂದಿರುಗಿಸಲೂಬಹುದು. ಸ್ಮಿತ್ 2021ರಲ್ಲಿ ಉಪನಾಯಕರಾಗಿ ಮರಳಿದರು. ಅದೇ ಕೇಪ್‌ಟೌನ್ ಪ್ರಕರಣದಲ್ಲಿ ಡೇವಿಡ್ ವಾರ್ನರ್ ಅವರಿಗೆ ವಿಧಿಸಿದ್ದ ನಾಯಕತ್ವದ ಆಜೀವ ನಿಷೇಧವನ್ನು 2024ರಲ್ಲಿ ತೆರವುಗೊಳಿಸಲಾಯಿತು. ಕ್ರೋನಿಯೆಗೆ ಆ ಕಾಲ ದೊರೆಯಲಿಲ್ಲ. 2002ರ ಜೂನ್ 1ರಂದು ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡಾಗ ವಯಸ್ಸು ಕೇವಲ 32. ಬಿದ್ದವನಿಗೆ ಆಳಿಗೊಂದು ಕಲ್ಲು ಎಸೆಯುವ ಮುನ್ನ ಅದನ್ನೂ ನೆನೆಯೋಣ.

ನಮ್ಮ ಮನೆಯಂಗಳದಲ್ಲಿ

ಮಗನ ಕೋಣೆಯ ಗೋಡೆಯ ಮೇಲಿನ ಚಿತ್ರವನ್ನು ಸಿಟ್ಟಿನಿಂದ ಕಿತ್ತುಹಾಕಬೇಡಿ. ಪಕ್ಕದಲ್ಲಿ ಕುಳಿತು ಮಾತನಾಡಿ. “ಆಟವನ್ನು ಇವರಿಂದ ಕಲಿ ಮಗಾ, ಬದುಕನ್ನು ಕಲಿಯುವುದು ಬರಿಯ ಆಟದಿಂದಲ್ಲ” ಎಂದು ಹೇಳಿ. ಹಾಗೆ ಹೇಳುವಾಗ ಅವನು ನಿಮ್ಮ ಕಡೆ ನೋಡುತ್ತಾನೆ ಎಂಬುದು ತಿಳಿದಿರಲಿ. ಮನೆಯಲ್ಲಿ ನೀವೇ ನಾಯಕರು. ಫೋನ್ ಬಂದಾಗ “ಅಪ್ಪ ಇಲ್ಲ ಅಂತ ಹೇಳು” ಎಂದು ಮಗುವಿನ ಬಾಯಿಂದ ಸುಳ್ಳು ಹೇಳಿಸಿದರೆ, ಸಣ್ಣ ಪ್ರಮಾಣದಲ್ಲಿ ಅದು ನಾಗಪುರದ ಕೋಣೆಯಲ್ಲಿ ನಡೆದದ್ದೇ. ಇಲ್ಲ ಎನ್ನಲಾರದವನ ಕೈಯಿಂದ ತಪ್ಪು ಮಾಡಿಸಿದಂತೆ.

ಧರ್ಮಕೇಂದ್ರದ ಹಬ್ಬದ ಪಂದ್ಯಾವಳಿಗೆ ಯುವಕರ ತಂಡಕ್ಕೆ ನಾಯಕನನ್ನು ಆರಿಸುವಾಗಲೂ ಸಿಕ್ಸರ್ ಎಷ್ಟು ಹೊಡೆಯುತ್ತಾನೆ ಎಂದು ಮಾತ್ರ ನೋಡಬೇಡಿ. ಚಿಕ್ಕ ಹುಡುಗರು ಅವನ ಹತ್ತಿರ ಹೆದರದೆ ನಿಲ್ಲುತ್ತಾರೆಯೇ, ಅಂಪೈರ್ ಔಟ್ ಎಂದರೆ ಸುಮ್ಮನೆ ಹೊರಡುತ್ತಾನೆಯೇ ಎಂದೂ ನೋಡಿ.

ಕುಟುಂಬದಲ್ಲಿ ಚರ್ಚೆಗೆ

1. ನಮ್ಮ ಮನೆಯಲ್ಲಿ ಯಾರು ಯಾರನ್ನು ನೋಡಿ ಕಲಿಯುತ್ತಿದ್ದಾರೆ?

2. ತಪ್ಪನ್ನು ಕಂಡೂ ನಾನು “ಬೇಡ” ಎಂದು ಹೇಳದೆ ಉಳಿದದ್ದು ಎಲ್ಲಿ?

3. ಪ್ರಸಿದ್ಧ ವ್ಯಕ್ತಿಯೊಬ್ಬರ ತಪ್ಪಿನ ಬಗ್ಗೆ ನಾವು ಮಾತನಾಡುವುದು ಕಲಿಯಲಿಕ್ಕೋ, ಕಾಲ ಕಳೆಯಲಿಕ್ಕೋ?